ಪಕ್ಕದ ಬೆಡ್‌ನ ಕೆಮ್ಮು

18 ಜನವರಿ 2024, ಗುರುವಾರ

ಚಿಕ್ಕಪ್ಪನ ಜ್ವರ ಇಳಿದಿದೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ಪರವಾಗಿಲ್ಲ. ಆದರೂ ನನಗೆ ನಿದ್ದೆ ಹತ್ತುತ್ತಿಲ್ಲ.

ಪಕ್ಕದ ಬೆಡ್‌ನ ಅಜ್ಜ ಬಂದಾಗಿನಿಂದ ಕೆಮ್ಮುತ್ತಲೇ ಇದ್ದಾರೆ. "ಮೂರು ವಾರದ ಮೇಲಾಯ್ತು, ಸಿರಪ್ ಕುಡಿಸಿ ಸಾಕಾಗಿದೆ" ಅಂದರು ಅವರ ಸೊಸೆ. ಅಡ್ಮಿಟ್ ಮಾಡಿದ್ದು ಸಕ್ಕರೆ ಕಾಯಿಲೆಯ ಕಾಲುಗಾಯಕ್ಕೆ. ಹಾಗಾಗಿ ಬಂದವರೆಲ್ಲ ಕಾಲು ನೋಡಿ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಕೆಮ್ಮಿನ ಬಗ್ಗೆ ಯಾರಾದರೂ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಮಧ್ಯಾಹ್ನ ಸಿಸ್ಟರ್ ಹತ್ತಿರ ಹೋದೆ.

"ಆ ಅಜ್ಜನ ಕಫ ಪರೀಕ್ಷೆ ಆಗಿದೆಯಾ ಸಿಸ್ಟರ್?"

ಕೇಸ್ ಶೀಟ್ ತಿರುವಿ ನೋಡಿದರು. "ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಪೇಷಂಟ್‌ಗೆ ಕಿಡ್ನಿ ಹಾಕಿದ್ದಾರಲ್ವಾ?" ಅಂದರು.

ಆಮೇಲೆ ಅವರು ತಡ ಮಾಡಲಿಲ್ಲ. ಅಜ್ಜನ ಮುಖಕ್ಕೆ ಮಾಸ್ಕ್ ಹಾಕಿ, ಚಳಿ ಅಂತ ಮುಚ್ಚಿದ್ದ ಕಿಟಕಿಗಳನ್ನೆಲ್ಲ ತೆಗೆದು, ಡಾಕ್ಟರಿಗೆ ಫೋನ್ ಮಾಡಿದರು. ಸಂಜೆಯೊಳಗೆ ಅಜ್ಜನಿಗೆ ಬೇರೆ ಕೋಣೆ ಸಿಕ್ಕಿತು. ಕಫ, ಟಿಬಿ ಪತ್ತೆ ಮಾಡುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಹೋಗಿದೆ. ಯಂತ್ರಕ್ಕೆ ಹಾಕಿದರೆ ಎರಡು ಗಂಟೆ ಸಾಕು, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತೋ ಇಲ್ಲವೋ ಅನ್ನೋದೂ ಗೊತ್ತಾಗುತ್ತೆ. ಆದರೆ ಸರದಿ ಬರಬೇಕು.

ಸೊಸೆಗೆ ಬೇಜಾರಾಯಿತು. "ನಮ್ಮ ಮಾವನ್ನ ಎಲ್ಲರೆದುರು ಎಬ್ಬಿಸಿ ಕಳಿಸಿದ್ರಲ್ಲಾ" ಅಂದರು. "ಅಕ್ಕಾ, ಟಿಬಿ ಆಗಿದ್ರೂ ಅದರಲ್ಲಿ ಮಾವನ ತಪ್ಪೇನಿದೆ? ಬೇಗ ಗೊತ್ತಾದ್ರೆ ಅವರಿಗೂ ಒಳ್ಳೇದು" ಅಂದೆ. ಅವರು ಮಾತಾಡಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬುತ್ತಾ ಅಳುತ್ತಿದ್ದರು. ನನಗೂ ಸಂಕಟ ಆಯಿತು.

ನನ್ನ ಹೆದರಿಕೆಗೆ ಕಾರಣ ಇದೆ. ಚಿಕ್ಕಮ್ಮ ಕೊಟ್ಟ ಕಿಡ್ನಿಯನ್ನು ಮೈ ತಿರಸ್ಕರಿಸದೆ ಉಳಿಸಿಕೊಳ್ಳಲಿ ಅಂತ ಚಿಕ್ಕಪ್ಪ ದಿನಾ ಟ್ಯಾಕ್ರೊಲಿಮಸ್ ಮಾತ್ರೆ ನುಂಗುತ್ತಾರೆ. ಅದು ಮೈಯ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತೆ. ಇಂಥವರಿಗೆ ಟಿಬಿ ಹತ್ತಿದರೆ ಕೆಮ್ಮು ಇಲ್ಲದೆಯೂ ಇರಬಹುದು, ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಇನ್ನು ಟಿಬಿಗೆ ಕೊಡುವ ರಿಫಾಂಪಿಸಿನ್, ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಇಳಿಸಿಬಿಡುತ್ತೆ. ಆಗ ಕಿಡ್ನಿಗೇ ಕುತ್ತು.

ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿಯಲ್ಲಿ 2005-06ರಲ್ಲಿ ಆದದ್ದನ್ನು ಓದಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ. ಯಾವ ಔಷಧಿಗೂ ಸುಲಭವಾಗಿ ಬಗ್ಗದ ಟಿಬಿ, 53 ಜನ. 52 ಮಂದಿ ತೀರಿಕೊಂಡರು. ಪರೀಕ್ಷೆ ಮಾಡಿದ 44 ಮಂದಿಗೂ ಎಚ್‌ಐವಿ ಇತ್ತು. ಅರ್ಧಕ್ಕಿಂತ ಜಾಸ್ತಿ ಜನ ಅದಕ್ಕೂ ಮುಂಚೆ ಟಿಬಿ ಮಾತ್ರೆಯನ್ನೇ ನುಂಗಿರಲಿಲ್ಲ. ಬಹಳಷ್ಟು ಮಂದಿ ಅದಕ್ಕೂ ಹಿಂದೆ ಬೇರೆ ಯಾವುದಕ್ಕೋ ಆಸ್ಪತ್ರೆಯಲ್ಲಿ ಮಲಗಿದ್ದವರು. ವಾಸಿಯಾಗಲಿ ಅಂತ ಹೋದ ಜಾಗದಲ್ಲೇ ಅಂಟಿಸಿಕೊಂಡರೆ ಯಾರನ್ನು ಕೇಳೋದು? ಪೆರುವಿನ ಲಿಮಾದಲ್ಲಿ ಅಳೆದು ನೋಡಿದ್ದರಂತೆ. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೇ ವಾರ್ಡುಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತಿತ್ತು, ಯಂತ್ರದಿಂದ ಗಾಳಿ ಬಿಡುವ ಹೊಸ ಕೋಣೆಗಳಿಗಿಂತಲೂ. ಕಿಟಕಿ ತೆಗೆಯೋಕೆ ಏನು ಖರ್ಚಿದೆ ಹೇಳಿ!

ಅಂದ ಹಾಗೆ, ಎದುರಿನ ಬೆಡ್‌ನಲ್ಲಿ ಕೀಮೋ ತಗೊಳ್ತಿದ್ದ ಹುಡುಗ ನಿನ್ನೆಯೇ ಮನೆಗೆ ಹೋದ. ಅವನೂ ಇದೇ ಗಾಳಿ ಕುಡಿದವನು. ಅಜ್ಜನ ರಿಪೋರ್ಟ್ ಪಾಸಿಟಿವ್ ಬಂದರೆ ಅವನಿಗೆ ಹೇಳೋರು ಯಾರು? ರಿಜಿಸ್ಟರಲ್ಲಿ ಫೋನ್ ನಂಬರ್ ಇರುತ್ತೆ. ಬೆಳಿಗ್ಗೆ ಸಿಸ್ಟರನ್ನು ಕೇಳಬೇಕು, ಅವರ ಡ್ಯೂಟಿ ಬದಲಾಗೋ ಮುಂಚೆ. ಇಲ್ಲಾಂದ್ರೆ ಡಾಕ್ಟರ್ ರೌಂಡ್ಸಿಗೆ ಬಂದಾಗ ನಾನೇ…