ಮಣೆಯ ಮೇಲಿನ ಸಕ್ಕರೆ

"ಅತ್ತೆ, ಅಲ್ಲಿ ನಿನ್ನೆ ರಾತ್ರಿಯೆಲ್ಲ ಹಿಮ ಬಿದ್ದಿದೆಯಂತೆ. ನಮ್ಮ ಅದೃಷ್ಟ!"

ಹಿಮಾಲಯದ ಟ್ರೆಕ್‌ಗೆ ಹೊರಟಿರುವ ಅಣ್ಣನ ಮಗ ಭಾನುವಾರ ನನ್ನ ಜರ್ಕಿನ್ ಕೇಳೋಕೆ ಬಂದಾಗ ಹೀಗಂದ. ಆಮೇಲೆ ಮೆಟ್ರೋದಲ್ಲಿ ನಿಂತರೂ, ಅನ್ನಕ್ಕಿಟ್ಟರೂ ಅದೇ ಮಾತು. ಅದೃಷ್ಟ!

ಅವನು ಒಳ್ಳೆ ಹುಡುಗ, ಬೈಕಿನಲ್ಲಿ ಹಿಂದೆ ಕೂತವರ ಹೆಲ್ಮೆಟ್ ಪಟ್ಟಿಯನ್ನೂ ಎಳೆದು ನೋಡುವವನು. ಟ್ರೆಕ್‌ಗೆ ಕರೆದುಕೊಂಡು ಹೋಗುವವರ ಮೇಲೇ ನನಗೆ ಸಿಟ್ಟು. ಕೈಗವಸಿನಿಂದ ಒಣಹಣ್ಣಿನ ತನಕ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಹಿಮಕುಸಿತದ ಬಗ್ಗೆ ಒಂದು ಸಾಲಿಲ್ಲ.

ಹನ್ನೆರಡು ವರ್ಷದ ಹಿಂದೆ ಪರ್ವತಾರೋಹಣದ ಕೋರ್ಸ್‌ನಲ್ಲಿ ನಾನು ಕಲಿತದ್ದನ್ನೇ ಅವನಿಗೆ ತೋರಿಸಿದೆ. ಚಪಾತಿ ಮಣೆಗೆ ಒದ್ದೆ ಬಟ್ಟೆ ಹಾಸಿ, ಸಕ್ಕರೆ ಹರಡಿ, ಮೇಲೆ ಮೈದಾ ಸುರಿದು ಅಂಗೈಯಿಂದ ಒತ್ತಿದೆ. ಚಳಿ ಜೋರಾದಾಗ ನೆಲದ ಕಡೆಯ ಬೆಚ್ಚಗಿನ ಹಿಮದಿಂದ ಆವಿ ಮೇಲೇರಿ, ತಳದ ಹಿಮ ಹೀಗೇ ಸಕ್ಕರೆಯಂತೆ ಉದುರುದುರಾಗುತ್ತೆ, ಒಂದಕ್ಕೊಂದು ಅಂಟಲ್ಲ. ಅದರ ಮೇಲೆ ಹೊಸ ಹಿಮದ ಭಾರ. ಮಣೆಯನ್ನು ಮೆಲ್ಲಗೆ ಎತ್ತುತ್ತಾ ಹೋದೆ. ಮೈದಾದ ಮೇಲ್ತುದಿಯಲ್ಲಿ ಅಡ್ಡಕ್ಕೆ ಒಂದು ಗೆರೆ ಬಿಟ್ಟಿತು. ಮರುಕ್ಷಣ ಇಡೀ ಮೈದಾ ಹಾಸು ಒಟ್ಟಿಗೆ ಜಾರಿ ಕಟ್ಟೆಗೆ ಬಿತ್ತು.

"ಬೆಟ್ಟದಲ್ಲಿ ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಲ್ಲೇ ಇದು ಹೆಚ್ಚು. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನ ಅಂಥ ಕಡೆ ಕಾಲಿಡಬಾರದು ಕಣೋ. ಕಾಲಡಿ 'ಧುಮ್' ಅಂತ ಕುಸಿದ ಸದ್ದು ಬಂದರೆ ಅಲ್ಲಿಂದಲೇ ವಾಪಸ್."

"ಗೈಡ್ ಇರ್ತಾರಲ್ಲ ಅತ್ತೆ?"

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಕುಸಿದ ಹಿಮದಡಿ ಸಿಕ್ಕ ತಂಡದಲ್ಲಿ ತರಬೇತುದಾರರೇ ಇದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ತರಬೇತುದಾರೆ ಸವಿತಾ ಕಂಸ್ವಾಲ್ ಕೂಡ ಅಲ್ಲೇ ತೀರಿಹೋದರು. ಹೇಳಿದೆ. ಅವನು ಮಾತಾಡಲಿಲ್ಲ. ಬೆರಳಿಗೆ ಅಂಟಿದ ಸಕ್ಕರೆಯನ್ನೇ ನೋಡುತ್ತಾ ಕೇಳಿದ: "ಈ ಪದರ ಮೇಲಿಂದ ಕಾಣಲ್ವಾ?"

"ಕಾಣಲ್ಲ. ಅಗೆದೇ ನೋಡಬೇಕು."

ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆಯನ್ನು ದಿನಾ ನೋಡು ಅಂತ ಚೀಟಿ ಬರೆದು ಜರ್ಕಿನ್ ಜೇಬಿಗೆ ಹಾಕಿದೆ. ಅವನ ರೈಲು ಶನಿವಾರ. ಅಲ್ಲಿವರೆಗೆ ನಾನೂ ನೋಡ್ತಿದ್ದೇನೆ, ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ.