ಹಾಲ್ ಪಾಸ್ ಆಗಿದ್ದ ಕ್ರಿಕೆಟ್ ಬ್ಯಾಟು

ಕಳೆದ ಚಳಿಗಾಲದಲ್ಲಿ ಅಮೆರಿಕದ ಹೈಸ್ಕೂಲಿನ ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡರು. ನಮ್ಮ ಮೈಸೂರಿನ ಶಾಲೆಯ ಈ ಸಂಚಿಕೆ ಓದುವವರಲ್ಲಿ ಅವರನ್ನು ಕಂಡವರು ಯಾರೂ ಇರಲಿಕ್ಕಿಲ್ಲ. ನಾನು ಈ ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಅಪ್ಪ ಡಾಕ್ಟರು. 1994ರಲ್ಲಿ ಅವರ ಹಿಂದೆ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದೆವು, 1996ರಲ್ಲಿ ಅಲ್ಲಿಂದ ಅಮೆರಿಕದ ಒಹಾಯೊಗೆ. ಸಂಪಾದಕರು ಲೇಖನ ಕೇಳಿದಾಗ, 'ನನ್ನ ಹೈಸ್ಕೂಲು ಅಲ್ಲೆಲ್ಲೋ ಆಯ್ತಲ್ಲ ಸಾರ್' ಅಂದೆ. 'ಅದನ್ನೇ ಬರೀರಮ್ಮ' ಅಂದರು.

ಮೇಷ್ಟ್ರು ಯಾರ್ಕ್‌ಶೈರ್‌ನವರು. ಅಮೆರಿಕದ ಹುಡುಗಿಯನ್ನು ಮದುವೆಯಾಗಿ ಒಹಾಯೊ ಸೇರಿದ್ದರು. ಇಡೀ ಸ್ಕೂಲಿನಲ್ಲಿ ಬ್ರಿಟನ್ನಿನಿಂದ ಬಂದವರು ಅಂದರೆ ಅವರೊಬ್ಬರು, ಮೈಸೂರಿನಿಂದ ಹೊರಟು ಲೆಸ್ಟರ್ ದಾಟಿ ಬಂದ ನಾನೊಬ್ಬಳು. ನಾನು ಅಲ್ಲಿಗೆ ಸೇರಿದ ವರ್ಷವೇ ಅವರೂ ಸೇರಿದ್ದು. ಹಾಗಾಗಿ ಇಬ್ಬರೂ ಒಟ್ಟಿಗೇ ಕಣ್ಣು ಕಣ್ಣು ಬಿಟ್ಟೆವು.

ಲೆಸ್ಟರ್‌ನಲ್ಲಿ ಟೈ ಸ್ವಲ್ಪ ಸಡಿಲವಾದರೂ ಬೈಗುಳ ಬೀಳುತ್ತಿತ್ತು. ಒಹಾಯೊದಲ್ಲಿ ಯೂನಿಫಾರ್ಮೇ ಇಲ್ಲ. ಹದಿನಾರು ತುಂಬಿದ ಹುಡುಗರು ತಮ್ಮದೇ ಕಾರು ಓಡಿಸಿಕೊಂಡು ಬರುತ್ತಾರೆ. ಬ್ರಿಟನ್ನಿನಲ್ಲಿ ಸ್ಟಿಯರಿಂಗ್ ಮುಟ್ಟಲು ಹದಿನೇಳಾಗಬೇಕು. ಅಷ್ಟಾದರೂ ಇಲ್ಲಿ ಕ್ಲಾಸಿನ ಮಧ್ಯೆ ಬಾತ್‌ರೂಮಿಗೆ ಹೋಗಬೇಕಾದರೆ ಕೈಯಲ್ಲಿ ಹಾಲ್ ಪಾಸ್, ಅಂದರೆ ಹೊರಗೆ ಹೋಗಲು ಮೇಷ್ಟ್ರು ಕೊಟ್ಟ ಅನುಮತಿಯ ಗುರುತು, ಇರಲೇಬೇಕು. 'ಒಂದು ಟನ್ ತೂಕದ ಗಾಡಿ ನಂಬಿ ಕೊಡ್ತಾರೆ, ಬಾತ್‌ರೂಮಿನ ವಿಷಯದಲ್ಲಿ ನಂಬಲ್ಲ' ಅನ್ನೋರು ಮೇಷ್ಟ್ರು.

ಮೊದಲ ಗಲಾಟೆ ಆಗಿದ್ದು ಮಾರ್ಕ್ಸಿನಿಂದ. ಬ್ರಿಟನ್ನಿನ ಯೂನಿವರ್ಸಿಟಿಗಳಲ್ಲಿ ನೂರಕ್ಕೆ ಎಪ್ಪತ್ತು ಬಂದರೆ ಫಸ್ಟ್ ಕ್ಲಾಸು. ಮೇಷ್ಟ್ರಿಗೆ ಅದೇ ಲೆಕ್ಕ. ಮೊದಲ ಪ್ರಬಂಧಕ್ಕೆ ಕ್ಲಾಸಿನ ಜಾಣೆಯೊಬ್ಬಳಿಗೆ 72 ಕೊಟ್ಟು, ಕೆಳಗೆ ಹಸಿರು ಇಂಕಿನಲ್ಲಿ 'ಬಹಳ ಚೆನ್ನಾಗಿದೆ' ಅಂತ ಬರೆದಿದ್ದರು. ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿ 72 ಅಂದರೆ ಸಿ ಗ್ರೇಡು, ಕೆಲವು ಕಡೆ ಅದಕ್ಕೂ ಕೆಳಗೆ. ಮಾರನೇ ದಿನವೇ ಅವಳ ಅಪ್ಪ ಬಂದರು. ಚೌಕಾಸಿ ಬಾಗಿಲ ಹೊರಗಿದ್ದ ನಮಗೆಲ್ಲ ಕೇಳಿಸುತ್ತಿತ್ತು. 'ಎಕ್ಸ್‌ಟ್ರಾ ಕ್ರೆಡಿಟ್ ಏನಾದ್ರೂ ಇದ್ಯಾ?' ಅಂತ ಅವರು. ಹೆಚ್ಚುವರಿ ಕೆಲಸ ಮಾಡಿ ಅಂಕ ಏರಿಸಿಕೊಳ್ಳುವುದು ಅಂತ ಅದರ ಅರ್ಥ. ಮೇಷ್ಟ್ರಿಗೆ ಆ ಮಾತೇ ಗೊತ್ತಿಲ್ಲ.

ಇಂಗ್ಲೆಂಡಿನಲ್ಲಿ ಹದಿನಾರನೇ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಥೇಟ್ ನಮ್ಮ ಎಸ್‌ಎಸ್‌ಎಲ್‌ಸಿ ಇದ್ದಂತೆ. ಉತ್ತರ ಪತ್ರಿಕೆ ಹೊರಗಿನವರ ಕೈಗೆ ಹೋಗುತ್ತದೆ. ಮೇಷ್ಟ್ರೂ ಮಕ್ಕಳೂ ಒಂದೇ ಪಕ್ಷ, ಎದುರಿಗೆ ಬೋರ್ಡು. ಅಮೆರಿಕದಲ್ಲಿ ಪಾಠ ಹೇಳುವವರೇ ಪ್ರಶ್ನೆ ಕೇಳಿ, ಅವರೇ ಅಂಕ ಹಾಕುತ್ತಾರೆ. ಆ ಅಂಕ ನೇರ ಕಾಲೇಜಿನವರ ಮುಂದೆ ಹೋಗುತ್ತದೆ. ಚೌಕಾಸಿ ನಡೆಯದೆ ಇನ್ನೇನಾಗುತ್ತೆ? ವರ್ಷದ ಕೊನೆಗೆ ಮೇಷ್ಟ್ರೂ 90ರ ಮೇಲೆ ಹಾಕಲು ಕಲಿತರು. ನನಗೆ ಹಾಕಿದ್ದು ಮಾತ್ರ ನಿಜವಾದ 94 ಅಂತ ಈಗಲೂ ನನ್ನ ನಂಬಿಕೆ.

ಬೆಳಿಗ್ಗೆ ಎಲ್ಲರೂ ಎದ್ದು ಎದೆಯ ಮೇಲೆ ಕೈಯಿಟ್ಟು ಬಾವುಟಕ್ಕೆ ಪ್ರತಿಜ್ಞೆ ಹೇಳುತ್ತಿದ್ದರು. ಅಸೆಂಬ್ಲಿಯಲ್ಲಿ ನಾಡಗೀತೆ ಹಾಡಿ ಬೆಳೆದ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಲೆಸ್ಟರ್‌ನಲ್ಲಿ ಅಂಥದ್ದೇನೂ ಇರಲಿಲ್ಲವಲ್ಲ, ಅದೇ ವಿಚಿತ್ರ ಅನ್ನಿಸಿತ್ತು. ಮೇಷ್ಟ್ರು ಮಾತ್ರ ಕೈ ಹಿಂದೆ ಕಟ್ಟಿ ಸುಮ್ನೆ ನಿಂತಿರುತ್ತಿದ್ದರು. ಯಾರೋ ಕೇಳಿದ್ದಕ್ಕೆ ಆ ಪಿರಿಯಡ್ಡೆಲ್ಲ ಅದೇ ಪಾಠವಾಯಿತು. ಪಕ್ಕದ ವೆಸ್ಟ್ ವರ್ಜೀನಿಯಾದಿಂದ ಬಂದ ಮೊಕದ್ದಮೆಯಲ್ಲಿ, ಪ್ರತಿಜ್ಞೆ ಹೇಳಲೇಬೇಕೆಂದು ಶಾಲೆ ಮಕ್ಕಳನ್ನು ಬಲವಂತ ಮಾಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲೇ ಹೇಳಿತ್ತು. ಯುದ್ಧದ ನಡುವೆ ಬಂದ ತೀರ್ಪು. ರಾಷ್ಟ್ರಗೀತೆ ಹಾಡದ ಕೇರಳದ ಮಕ್ಕಳ ಪರವಾಗಿ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ತೀರ್ಪು ಕೊಟ್ಟಿತ್ತು ಅಂತ ನನಗೆ ಹೇಳಿದ್ದೂ ಅವರೇ!

ಅವರಿಗೆ ಕೊನೆಯವರೆಗೂ ಒಗ್ಗದಿದ್ದದ್ದು ಶುಕ್ರವಾರ. ಪೆಪ್ ರ‍್ಯಾಲಿ ಅಂತ ಪಾಠ ಬಿಟ್ಟು ಎಲ್ಲರನ್ನೂ ಜಿಮ್ಮಿಗೆ ಕರೆದೊಯ್ಯುತ್ತಾರೆ. ಅಲ್ಲಿ ಬ್ಯಾಂಡು, ಚಿಯರ್‌ಲೀಡರ್‌ಗಳು, ಕಿರುಚಾಟ. ರಾತ್ರಿ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಊರಿಗೆ ಊರೇ ಬಂದು ಸೇರುತ್ತದೆ. ಸ್ಕೂಲಿನಲ್ಲಿ ಮಕ್ಕಳೇ ಇಲ್ಲದ ಅಜ್ಜ ಅಜ್ಜಿಯರೂ ಕಂಬಳಿ ಹೊದ್ದು ಕೂತಿರುತ್ತಾರೆ. ನನ್ನ ಕಣ್ಣಿಗೆ ಅದು ನಂಜನಗೂಡಿನ ಜಾತ್ರೆ. ಹಳೇ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ವರ್ಷದ ಹಬ್ಬ ಹೋಮ್‌ಕಮಿಂಗ್ ಬಂತೆಂದರೆ ಮಕ್ಕಳಲ್ಲೇ ಒಬ್ಬ ರಾಜ, ಒಬ್ಬಳು ರಾಣಿ. 'ನಮ್ಮ ರಾಜನ್ನ ಓಡಿಸಿ ದೇಶ ಕಟ್ಟಿದ್ರಿ. ಈಗ ವರ್ಷಾ ವರ್ಷಾ ಓಟು ಹಾಕಿ ಇನ್ನೊಬ್ಬನ್ನ ತರ್ತೀರಲ್ಲ!' ಅಂತ ಮೇಷ್ಟ್ರು ಗೊಣಗೋರು.

ಮಕ್ಕಳ ಆಟಕ್ಕೆ ಊರು ಯಾಕೆ ಇಷ್ಟು ಹುಚ್ಚಾಗುತ್ತೆ? ನನಗೆ ಅದು ಅರ್ಥವಾಗಿದ್ದು 1997ರಲ್ಲಿ. ಆ ಮಾರ್ಚಿನಲ್ಲಿ ಒಹಾಯೊ ಸುಪ್ರೀಂ ಕೋರ್ಟು, ಶಾಲೆಗಳಿಗೆ ದುಡ್ಡು ಹಂಚುವ ಕ್ರಮವೇ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಮೇಷ್ಟ್ರು ಪೇಪರ್ ತಂದು ಓದಿಸಿದರು. ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಊರಿನವರ ಮನೆ, ಜಮೀನಿನ ತೆರಿಗೆಯಿಂದ. ಹೆಚ್ಚು ಬೇಕಾದರೆ ಊರಿನವರೇ ಮತ ಹಾಕಿ ಒಪ್ಪಬೇಕು. ಒಪ್ಪದಿದ್ದರೆ ಬ್ಯಾಂಡಿಗೋ ಬಸ್ಸಿಗೋ ಕತ್ತರಿ. ಆ ಮತದಾರರೇ ಶುಕ್ರವಾರ ರಾತ್ರಿ ಕಂಬಳಿ ಹೊದ್ದು ಕೂತಿರುವವರು. ಶಾಲೆ ಅವರದೇ ಅನ್ನಿಸುವುದು ವರ್ಷದಲ್ಲಿ ಆ ಕೆಲವೇ ರಾತ್ರಿ. ಇಂಗ್ಲೆಂಡಿನಲ್ಲಿ ಹಾಗೆ ಊರಿನವರ ಓಟು ಕಾಯಬೇಕಿಲ್ಲ. ಅಲ್ಲಿ ಸ್ಕೂಲಿನ ಪಂದ್ಯ ನೋಡಲು ಬರುತ್ತಿದ್ದದ್ದು ಛತ್ರಿ ಹಿಡಿದ ಅಪ್ಪ ಅಮ್ಮಂದಿರು ಮಾತ್ರ. ಮುಂದೆ 2012ರಲ್ಲಿ ಟೆಕ್ಸಾಸಿನ ಆ್ಯಲನ್ ಎಂಬ ಊರು ಸುಮಾರು 6 ಕೋಟಿ ಡಾಲರ್ ಸುರಿದು ಹೈಸ್ಕೂಲಿಗೆ 18,000 ಜನ ಕೂರುವ ಸ್ಟೇಡಿಯಂ ಕಟ್ಟಿಸಿತು. ಆ ಸುದ್ದಿಯನ್ನು ಮೇಷ್ಟ್ರು ನನಗೆ ಕಳಿಸಿದ್ದರು. ಎರಡೇ ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು ಬಾಗಿಲು ಹಾಕಿದಾಗ ಮತ್ತೆ ಕಳಿಸಿದ್ದರು, ಜಾಸ್ತಿ ಖುಷಿಯಿಂದ.

ಇನ್ನು ಬ್ಯಾಟು. ಬೇರೆ ಮೇಷ್ಟ್ರುಗಳ ಹಾಲ್ ಪಾಸ್ ಅಂದರೆ ಮರದ ತುಂಡೋ ಪ್ಲಾಸ್ಟಿಕ್ ಚೀಟಿಯೋ ಆಗಿರುತ್ತಿತ್ತು. ನಮ್ಮವರದು ಎಣ್ಣೆ ಕುಡಿದು ಕಪ್ಪಾದ, ಹಿಡಿಗೆ ದಾರ ಸುತ್ತಿದ ಹಳೇ ಕ್ರಿಕೆಟ್ ಬ್ಯಾಟು. ಒಂದು ಫೆಬ್ರವರಿ, ಹೊರಗೆ ಮೊಣಕಾಲುದ್ದ ಹಿಮ. ಬ್ಯಾಟು ಹಿಡಿದು ಹೊರಟವಳು ಟ್ರೋಫಿ ಬೀರುವಿನ ಮುಂದೆ ಫುಟ್‌ಬಾಲ್ ತಂಡದ ದೈತ್ಯ ಹುಡುಗನೊಬ್ಬನನ್ನು ಕಂಡೆ. ಅವನ ಹತ್ತಿರ ಟೆನಿಸ್ ಬಾಲಿತ್ತು. ಲಾಕರ್ ಒಂದು ವಿಕೆಟ್ ಆಯ್ತು. ನಾನು ಅಣ್ಣನ ಜೊತೆ ಸರಸ್ವತಿಪುರಂ ಗಲ್ಲಿಯಲ್ಲಿ ಆಡಿದವಳು, ಆಫ್ ಸ್ಪಿನ್ ಹಾಕಿದೆ. ಬಾಲ್ ನೆಲ ಮುಟ್ಟಿ ತಿರುಗಿದ್ದು ಕಂಡು ಆ ಹುಡುಗ ಇದು ಮೋಸ ಅಂದ. ಮುಂದಿನದಕ್ಕೆ ಬೇಸ್‌ಬಾಲ್ ಥರ ಬೀಸಿದ. ಗೋಡೆ ಗಡಿಯಾರದ ಗಾಜು ಚೂರು ಚೂರು.

ವೈಸ್ ಪ್ರಿನ್ಸಿಪಾಲರು ನಿಯಮದ ಪುಸ್ತಕ ತೆಗೆದರು. ಬೇಸ್‌ಬಾಲ್ ಬ್ಯಾಟನ್ನು ಕಾರಿಡಾರಿನಲ್ಲಿ ಹಿಡಿದರೆ ಅದು ಆಯುಧ ಅಂತ ಅದರಲ್ಲಿತ್ತು. ಮೇಷ್ಟ್ರು ಕನ್ನಡಕ ಏರಿಸಿ ನಿಧಾನವಾಗಿ ಓದಿ, 'ಕ್ರಿಕೆಟ್ ಬ್ಯಾಟಿನ ಪ್ರಸ್ತಾಪ ಇಲ್ಲ' ಅಂದರು. ಆಮೇಲೆ ಹುಡುಗನ ಕಡೆ ತಿರುಗಿ, 'ಎಡ ಮೊಣಕೈ ಮೇಲೆತ್ತಬೇಕಪ್ಪಾ' ಅಂದರು. ಇಬ್ಬರಿಗೂ ಡಿಟೆನ್ಷನ್, ಅಂದರೆ ಹೆಚ್ಚು ಹೊತ್ತು ಸ್ಕೂಲಿನಲ್ಲೇ ಕೂರುವ ಶಿಕ್ಷೆ, ಸಿಕ್ಕಿತು. ಅದನ್ನು ನಡೆಸಿದ್ದು ಅವರೇ. ಎಲ್‌ಬಿಡಬ್ಲ್ಯೂ ಬೋರ್ಡಿನ ಮೇಲೆ ಬರೆದು ವಿವರಿಸಿದರು. ಆ ಹುಡುಗನಿಗೆ ಅದು ಈಗಲೂ ಅರ್ಥವಾಗಿಲ್ಲವಂತೆ.

ನಮ್ಮ ಕೊನೇ ವರ್ಷ, 1999ರ ಏಪ್ರಿಲ್‌ನಲ್ಲಿ, ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡು ಹಾರಿತು. ಆಮೇಲೆ ಬ್ಯಾಟು ಮೇಷ್ಟ್ರ ಮನೆಗೆ ಹೋಯಿತು. ಈಗ ನನ್ನ ಮಗಳ ಸ್ಕೂಲಿನಲ್ಲಿ ಗಂಟೆ ಒತ್ತಿ, ಕ್ಯಾಮೆರಾಕ್ಕೆ ಮುಖ ತೋರಿಸಿ ಒಳಗೆ ಹೋಗಬೇಕು. ಮಕ್ಕಳು ದೀಪ ಆರಿಸಿ ಮೂಲೆಯಲ್ಲಿ ಅವಿತು ಕೂರುವ ಡ್ರಿಲ್ ಮಾಡುತ್ತಾರೆ. ಅವಳ ಮಾರ್ಕ್ಸು ಅವಳಿಗಿಂತ ಮೊದಲು ನನ್ನ ಫೋನಿಗೆ ಬರುತ್ತದೆ. ಅಳೋಕಾದರೂ ಮಕ್ಕಳಿಗೆ ಸಮಯ ಬೇಡ್ವಾ?

ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ. ಹೈಸ್ಕೂಲಿನ ವರ್ಷದ ನೆನಪಿನ ಪುಸ್ತಕ ಇಯರ್‌ಬುಕ್ಕಿನಲ್ಲಿ 'ಮುಂದೆ ಯಶಸ್ವಿಯಾಗುವವಳು' ಅಂತ ನನ್ನನ್ನೇ ಆರಿಸಿದ್ದರು. ಈಗ ಆಸ್ಪತ್ರೆಯೊಂದರಲ್ಲಿ ವಿಭಾಗ ನಡೆಸುತ್ತಿದ್ದೇನೆ, ಅವರ ಓಟು ದಂಡವಾಗಲಿಲ್ಲ. ಅದೇ ಪುಟದಲ್ಲಿ ಮೇಷ್ಟ್ರು ಹಸಿರು ಇಂಕಿನಲ್ಲಿ ಬರೆದದ್ದು ಒಂದೇ ಅಂಕಿ: 72.

ಎರಡು ವರ್ಷದ ಹಿಂದೆ ತಂಗಿ ಮೈಸೂರಿನಿಂದ ಮಗನ ಫೋಟೊ ಕಳಿಸಿದ್ದಳು. ಯುಕೆಜಿ ಗ್ರ್ಯಾಜುಯೇಶನ್! ಕಪ್ಪು ಗೌನು, ಕಣ್ಣು ಮುಚ್ಚುವಷ್ಟು ದೊಡ್ಡ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಸುರುಳಿ. ಅಮೆರಿಕದ ಜಾತ್ರೆ ಮೈಸೂರಿಗೂ ಬಂತು ನೋಡಿ ಅಂತ ಅದನ್ನು ಮೇಷ್ಟ್ರಿಗೆ ಕಳಿಸಿದೆ. 'ಇವನ ಥೀಸಿಸ್ ಯಾವುದರ ಮೇಲೆ?' ಅಂತ ಕೇಳಿದರು. ಟಿಫಿನ್ ಡಬ್ಬಿ ಮೇಲೆ ಅಂತ ಉತ್ತರ ಹಾಕಿದೆ.