ಕೂದಲಿಗೆಲ್ಲಿಯ ನಾಚಿಕೆ

"ನೀನು ನಾಚಿಕೊಂಡೆ. ಕೂದಲು ನಾಚಿಕೊಳ್ಳಲಿಲ್ಲ ನೋಡು."

ಈ ವಾರ ಸರ್ಜನ್ ನನ್ನ ತಮ್ಮನಿಗೆ ಹೇಳಿದ ಮಾತು. ಅವನು ಬೋರಲು ಮಲಗಿದ್ದ. ಅವರ ಚಿಮಟದ ತುದಿಯಲ್ಲಿ ಕೀವು ಮೆತ್ತಿದ ಒಂದು ಗಿಡ್ಡ ಕೂದಲು. ಕುಂಡಿಯ ಸೀಳು ಶುರುವಾಗುವಲ್ಲಿ (ಬೇರೆ ಹೇಗೆ ಬರೆಯಲಿ?) ಸೂಜಿ ಚುಚ್ಚಿದಂಥ ಎರಡು ಮೂರು ತೂತು, ಪಕ್ಕದಲ್ಲಿ ಕೆಂಪಗೆ ಊದಿದ ಬಾವು. ಪೈಲೊನಿಡಲ್ ಸೈನಸ್ ಅಂದರು, ಅಂದರೆ ಕೂದಲು ಹೊಕ್ಕು ಚರ್ಮದಡಿ ಆಗುವ ಪೊಳ್ಳು.

ಅವನು ಅದನ್ನು ಪೈಲ್ಸ್ ಅಂದುಕೊಂಡು ಮುಲಾಮು ಹಚ್ಚುತ್ತಿದ್ದನಂತೆ. ಮೆಡಿಕಲ್ ಶಾಪಿನವನು ನೋಡದೆಯೇ ಆಂಟಿಬಯೋಟಿಕ್ ಬೇರೆ ಕೊಟ್ಟಿದ್ದ. ಒಳಗೆ ಕೀವು ಕಟ್ಟಿದ ಮೇಲೆ ಬರೀ ಮಾತ್ರೆಯಿಂದ ಅದು ಹೋಗಲ್ಲ, ಕೊಯ್ದು ಹೊರಗೆ ಬಿಡಲೇಬೇಕು. ಅವತ್ತೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೀಳಿನ ನಡುಗೆರೆ ತಪ್ಪಿಸಿ ಪಕ್ಕಕ್ಕೆ ಕೊಯ್ದರು. "ಯಾಕಪ್ಪಾ ಇಷ್ಟು ತಡ?" ಅಂತ ಕೇಳಿದ್ದಕ್ಕೆ ಇವನು "ಜಾಗ ಅಂಥದ್ದು ಡಾಕ್ಟ್ರೇ" ಅಂದ. ಆಗ ಬಂದಿದ್ದು ಆ ಮಾತು.

ಉದುರಿದ ಕೂದಲು ಆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತೆ. ಕೂತು ಎದ್ದು ಮಾಡುವಾಗಿನ ಉಜ್ಜಾಟಕ್ಕೆ ಚರ್ಮದೊಳಗೆ ತೂರುತ್ತೆ. ದೇಹ ಅದನ್ನು ಹೊರಗಿನ ಕಸ ಅಂತಲೇ ನೋಡುತ್ತೆ, ಜಗಳಕ್ಕೆ ನಿಲ್ಲುತ್ತೆ. ತಲೆಯ ಹಿಂಭಾಗದಿಂದ ಕತ್ತರಿಸಿ ಬಿದ್ದ ಕೂದಲೂ ಅಲ್ಲಿ ಸಿಗುತ್ತಂತೆ! ಕ್ಷೌರ ಮಾಡುವವರಿಗೆ ಬೆರಳ ಸಂದಿಯಲ್ಲೇ ಇದು ಬರುವುದುಂಟು, ಅದೂ ಗಿರಾಕಿಯ ಕೂದಲಿನಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸಾವಿರಾರು ಸೈನಿಕರು ಇದಕ್ಕಾಗಿ ಆಸ್ಪತ್ರೆ ಸೇರಿ, ಜೀಪಿನಲ್ಲಿ ಕೂತು ಕುಲುಕಾಡಿ ಬಂದಿದ್ದು ಅಂತ 'ಜೀಪ್ ರೋಗ' ಅಂತಲೇ ಹೆಸರಾಗಿತ್ತು. ಹರೆಯದ ಗಂಡಸರಲ್ಲಿ ಜಾಸ್ತಿ. ದಟ್ಟ ಕೂದಲು, ಹೆಚ್ಚು ತೂಕ, ತುಂಬಾ ಹೊತ್ತು ಕೂರುವ ಕೆಲಸ ಇದ್ದರೆ ಇನ್ನೂ ಜಾಸ್ತಿ.

ಇದೆಲ್ಲ ಗೊತ್ತಿಲ್ಲದ ನಮ್ಮ ಮಾವ ಮಾತ್ರ "ಸರಿಯಾಗಿ ಸ್ನಾನ ಮಾಡಿದ್ರೆ ಇದೆಲ್ಲ ಬರ್ತಿತ್ತಾ?" ಅಂದುಬಿಟ್ಟರು. ಇಂಥ ಮಾತಿಗೆ ಹೆದರಿಯೇ ಅಲ್ವಾ ಹುಡುಗರು ಬಾಯಿ ಮುಚ್ಚಿಕೊಂಡಿರುವುದು? ಮಂಡಿನೋವನ್ನು ಮದುವೆಮನೆಯಲ್ಲಿ ಕೂತು ಹೇಳಿಕೊಳ್ಳುವ ಜನ ನಾವು. ಅದೇ ನೋವು ಸೊಂಟದಿಂದ ಒಂದು ಗೇಣು ಕೆಳಗೆ ಇಳಿದರೆ ಡಾಕ್ಟರಿಗೂ ಹೇಳಲ್ಲ. ಹೆಂಗಸರ ಪಾಡಂತೂ ಇನ್ನೂ ಕಷ್ಟ.

ಕೀವು ಹೋದರೂ ತೂತು, ಕೂದಲು ಒಳಗೇ ಉಳಿದರೆ ಮತ್ತೆ ಬರಬಹುದು. ಚಿಕ್ಕದಾಗಿದ್ದರೆ ತೂತಿರುವಷ್ಟೇ ಚರ್ಮ ಕೊಯ್ದು, ಕೂದಲು ತೆಗೆದು ಸ್ವಚ್ಛ ಮಾಡುತ್ತಾರೆ. ದೊಡ್ಡದಾದರೆ ಇಡೀ ಭಾಗ ಕತ್ತರಿಸಬೇಕು. ಗಾಯ ತೆರೆದೇ ಬಿಟ್ಟರೆ ತಳದಿಂದ ತುಂಬಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಡುಗೆರೆಯಲ್ಲೇ ಹೊಲಿದರೆ ಬಿಚ್ಚಿಕೊಳ್ಳುವ ಭಯ, ಮರುಕಳಿಸುವ ಭಯ. ಅದಕ್ಕೇ ಲಿಂಬರ್ಗ್, ಕರಿಡಾಕಿಸ್ ಅಂತ ಪಕ್ಕದ ಚರ್ಮ ಸರಿಸಿ ಹೊಲಿಯುವ ವಿಧಾನಗಳಿವೆ. ಇವನಿಗೆ ಯಾವುದು ಅನ್ನುವುದನ್ನು ಬಾವು ಇಳಿದ ಮೇಲೆ ಹೇಳುತ್ತಾರಂತೆ.

ಡ್ರೆಸಿಂಗ್ ಮಾಡುವುದು ಈಗ ನನ್ನ ಕೆಲಸ. ನಿನ್ನೆ ಮಲಗಿಕೊಂಡೇ ರಜೆ ಅರ್ಜಿ ಟೈಪ್ ಮಾಡುತ್ತಿದ್ದ. ಇಣುಕಿ ನೋಡಿದೆ. ಕಾರಣ: ಬೆನ್ನಿನ ಆಪರೇಷನ್.